ಬೇರೆ ರಾಜ್ಯಕ್ಕೆ ಹೊರಟಿದ್ದೀರಾ? ಮೊದಲು ಲೆಕ್ಕ, ಆಮೇಲೆ ಲಾರಿ: 12 ಸೂತ್ರಗಳು

ಆಫರ್ ಲೆಟರ್ ಬಂದಿದೆ. ಸಂಬಳ ಹೆಚ್ಚಿದೆ, ಹುದ್ದೆ ದೊಡ್ಡದಿದೆ, ಊರು ಮಾತ್ರ ಬೇರೆ ರಾಜ್ಯದ್ದು. ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮ ಯಾವುದೇ ಇರಲಿ, "ಹೋಗಲೋ ಬೇಡವೋ" ಎಂದು ವಾರಗಟ್ಟಲೆ ತೂಗಾಡುವುದನ್ನು ಇವತ್ತೇ ನಿಲ್ಲಿಸಿ. ಅಳುಕು ಒಂದು ಅಭ್ಯಾಸ ಅಷ್ಟೇ. ಲೆಕ್ಕ ಹಾಕಲು ಕೂತರೆ ಅರ್ಧ ಅಳುಕು ಅಲ್ಲೇ ಇಳಿಯುತ್ತದೆ. ಹೊಸ ಊರಿನಲ್ಲಿ ಕೆಲಸ ಕೈಕೊಡುವುದು ಅಪರೂಪ. ಕೈಕೊಡುವುದು ಮೊದಲ 90 ದಿನದ ನಗದು. ಅದನ್ನು ಗಟ್ಟಿ ಮಾಡಿಕೊಂಡು ಹೊರಡಿ. ಬೆಂಗಳೂರಿನಿಂದ ಪುಣೆಗೆ ಹೋಗುವ ಒಂದು ಕುಟುಂಬವನ್ನು ಕಣ್ಮುಂದೆ ಇಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ. ಊರು ಬೇರೆಯಾದರೆ ಅಂಕಿ ಬದಲಿಸಿಕೊಳ್ಳಿ, ಕ್ರಮ ಬದಲಿಸಬೇಡಿ.

1. ಲಾರಿ ಬಾಡಿಗೆಯನ್ನು ಬಜೆಟ್ ಎಂದು ಕರೆಯಬೇಡಿ

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಹೇಳಿದ ರೇಟು ನೋಡಿ "ಇಷ್ಟೇ ತಾನೇ" ಎಂದು ನಿರಾಳವಾಗುವವರೇ ಹೆಚ್ಚು. ದೊಡ್ಡ ಖರ್ಚು ಲಾರಿಯ ಆಚೆ ಇದೆ. ಒಂದು ಶೀಟ್ ತೆರೆಯಿರಿ, ಬರೆಯಿರಿ.

ಗಂಡ, ಹೆಂಡತಿ, ಒಂದು ಮಗು. ಪುಣೆಯಲ್ಲಿ 25,000 ರೂ. ಬಾಡಿಗೆಯ ಎರಡು ಬೆಡ್‌ರೂಮ್ ಮನೆ ಎಂದುಕೊಳ್ಳಿ. ಮೂರು ತಿಂಗಳ ಡಿಪಾಸಿಟ್ 75,000. ಮೊದಲ ತಿಂಗಳ ಬಾಡಿಗೆ 25,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮತ್ತೆ 25,000. ಅಗ್ರಿಮೆಂಟ್ ಖರ್ಚು 3,000. ಸಾಮಾನು ಸಾಗಿಸಲು 45,000. ಮೂವರ ಪ್ರಯಾಣ 10,000. ಮನೆ ಸಿಗುವವರೆಗೆ ಸರ್ವಿಸ್ ಅಪಾರ್ಟ್‌ಮೆಂಟ್ ಅಥವಾ ಹೋಟೆಲ್ 15,000. ಪರದೆ, ಗ್ಯಾಸ್ ಡಿಪಾಸಿಟ್, ಎಲೆಕ್ಟ್ರಿಶಿಯನ್, ಪ್ಲಂಬರ್, ನೀರಿನ ಫಿಲ್ಟರ್ ಸೇರಿ 20,000. ಮೊದಲ ಸಂಬಳ ಬರುವವರೆಗಿನ ಮನೆಖರ್ಚು 25,000.

ಕೂಡಿಸಿ. 2,43,000 ರೂ. ಇದರಲ್ಲಿ ಲಾರಿಯದು ಐದನೇ ಒಂದು ಪಾಲೂ ಇಲ್ಲ. ಇದರ ಮೇಲೆ ಶೇ. 15 ಸೇರಿಸಿ, ಅಂದಾಜು 2.8 ಲಕ್ಷ. ನಿಮ್ಮ ಇಎಂಐ, ಊರಿಗೆ ಕಳಿಸುವ ಹಣ, ಎಲ್‌ಐಸಿ ಕಂತು ಇದರೊಳಗಿಲ್ಲ, ಅವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಇಷ್ಟು ಹಣ ಉಳಿತಾಯ ಖಾತೆಯಲ್ಲಿ ಇರಬೇಕು. ಕ್ರೆಡಿಟ್ ಕಾರ್ಡ್ ಲಿಮಿಟ್ ಅನ್ನು ಉಳಿತಾಯ ಎಂದು ಎಣಿಸಬೇಡಿ. ಡಿಪಾಸಿಟ್ಟು, ಬ್ರೋಕರ್ ಎರಡಕ್ಕೂ ನಗದೇ ಬೇಕು.

2. ಎಚ್‌ಆರ್‌ಗೆ ನಾಲ್ಕು ಪ್ರಶ್ನೆ ಮೇಲ್ ಮಾಡಿ

ಫೋನಿನಲ್ಲಿ ಕೇಳಬೇಡಿ. ಬರೆದು ಕೇಳಿ, ಬರೆದ ಉತ್ತರ ಪಡೆಯಿರಿ.

ಒಂದು, ಪೇರೋಲ್ ಕಟ್‌ಆಫ್ ಯಾವ ದಿನಾಂಕ? ಎಷ್ಟೋ ಕಂಪನಿಗಳಲ್ಲಿ ತಿಂಗಳ ಮಧ್ಯದ ನಂತರ ಸೇರಿದವರ ಮೊದಲ ಸಂಬಳ ಮುಂದಿನ ತಿಂಗಳ ಜೊತೆಗೇ ಬರುತ್ತದೆ. 20ಕ್ಕೆ ಸೇರಿದರೆ ನೀವು 40 ದಿನ ಸಂಬಳವಿಲ್ಲದೆ ಕಳೆಯಬೇಕಾಗಬಹುದು. ಸಾಧ್ಯವಾದರೆ ತಿಂಗಳ ಮೊದಲ ವಾರದಲ್ಲೇ ಸೇರಿ. ಎರಡು, ರಿಲೊಕೇಶನ್ ಹಣ ಬಿಲ್ ಮೇಲೆಯೋ, ಒಟ್ಟು ಮೊತ್ತವಾಗಿಯೋ? ಅದೇ ಕಂಪನಿಯಲ್ಲಿ ವರ್ಗಾವಣೆಯಾದವರಿಗೆ ಪ್ರಯಾಣ, ಪ್ಯಾಕಿಂಗ್, ಸಾಗಣೆಗೆ ನಿಜವಾಗಿ ಖರ್ಚಾದಷ್ಟು ಭತ್ಯೆಗೆ ಆದಾಯ ತೆರಿಗೆ ವಿನಾಯಿತಿ ಇದೆ. ಬಿಲ್ ಇಲ್ಲದಿದ್ದರೆ ಅದೇ ಹಣ ಸಂಬಳದ ಲೆಕ್ಕಕ್ಕೆ ಸೇರಿ ತೆರಿಗೆ ಕಡಿತವಾಗುತ್ತದೆ. ಮೂರು, ಮೊದಲ ಹದಿನೈದು ದಿನದ ಗೆಸ್ಟ್ ಹೌಸ್ ಕೊಡುತ್ತೀರಾ? ಕೇಳದವರಿಗೆ ಯಾರೂ ಕೊಡುವುದಿಲ್ಲ. ನಾಲ್ಕು, ಒಂದು ವರ್ಷದೊಳಗೆ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು? ಜಾಯ್ನಿಂಗ್ ಬೋನಸ್‌ಗೂ ಇದೇ ಷರತ್ತು ಇರುತ್ತದೆ. ಆ ಹಣವನ್ನು ಸೋಫಾಗೆ ಖರ್ಚು ಮಾಡಬೇಡಿ.

3. ಹಳೆಯ ಮನೆಯ ಅಡ್ವಾನ್ಸ್ ಅನ್ನು ಹೊಸ ಮನೆಗೆ ನಂಬಬೇಡಿ

ಬೆಂಗಳೂರಿಗರು ಎಡವುವ ಜಾಗ ಇದೇ. ಇಲ್ಲಿ ಐದು, ಆರು, ಕೆಲವೆಡೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೊಟ್ಟಿರುತ್ತೀರಿ. ಪುಣೆ, ಹೈದರಾಬಾದ್‌ಗಳಲ್ಲಿ ಎರಡು ಮೂರು ತಿಂಗಳದ್ದು ಸಾಕು. ಹಾಗಾಗಿ "ಇಲ್ಲಿಂದ ಬರುವ ದುಡ್ಡಿನಲ್ಲೇ ಎಲ್ಲ ಮುಗಿಯುತ್ತದೆ" ಅನಿಸುತ್ತದೆ. ಮುಗಿಯುವುದಿಲ್ಲ. ಹೊಸ ಮನೆಗೆ ಹಣ ಕೊಡುವುದು ಮೊದಲು, ಹಳೆಯ ಮನೆಯಿಂದ ಹಣ ಬರುವುದು ಕೀ ಕೊಟ್ಟ ಮೇಲೆ. "ಹೊಸ ಬಾಡಿಗೆದಾರರು ಬಂದ ಮೇಲೆ ಕೊಡ್ತೀನಿ" ಎನ್ನುವ ಓನರ್ ಸಿಕ್ಕರೆ ಇನ್ನೂ ತಡ.

ಅದಕ್ಕೆ ಹೀಗೆ ಮಾಡಿ. ಅಗ್ರಿಮೆಂಟ್ ತೆಗೆದು ನೋಟಿಸ್ ಅವಧಿ ಓದಿ. ಅಂದೇ ವಾಟ್ಸಾಪ್‌ನಲ್ಲೂ ಇಮೇಲ್‌ನಲ್ಲೂ ನೋಟಿಸ್ ಕೊಡಿ, ದಿನಾಂಕ ನಮೂದಿಸಿ. ಆಮೇಲೆ ಓನರ್ ಮನೆಗೆ ಹೋಗಿ ನೇರವಾಗಿ ಕೇಳಿ: "ಸಾರ್, ಪೇಂಟಿಂಗ್‌ಗೆ ಎಷ್ಟು ಹಿಡ್ಕೊತೀರಾ? ಉಳಿದಿದ್ದು ಕೀ ಕೊಡೋ ದಿನಾನೇ ಟ್ರಾನ್ಸ್‌ಫರ್ ಮಾಡ್ತೀರಾ?" ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಅದಕ್ಕಿಂತ ಹೆಚ್ಚು ಕೇಳಿದರೆ ಚೌಕಾಸಿ ಮಾಡಿ, ಯಾವುದಕ್ಕೆ ಎಂದು ಪಟ್ಟಿ ಕೇಳಿ. ಒಪ್ಪಿದ ಮೊತ್ತವನ್ನು ಅಂದೇ ಮೆಸೇಜ್ ಮಾಡಿ ದಾಖಲೆ ಮಾಡಿಕೊಳ್ಳಿ. ಬೆಸ್ಕಾಂ ಬಿಲ್, ಮೇಂಟೆನೆನ್ಸ್ ಪೂರ್ತಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಸಾಮಾನು ಖಾಲಿಯಾದ ಮೇಲೆ ಪ್ರತಿ ರೂಮು, ನಲ್ಲಿ, ಸ್ವಿಚ್ಚು, ಕಿಟಕಿ ಗಾಜನ್ನು ತೋರಿಸುವ ವಿಡಿಯೊ ಮಾಡಿ. ಕೈಯಲ್ಲಿ ವಿಡಿಯೊ ಇದ್ದವರ ಹತ್ತಿರ ಯಾರೂ ಹೆಚ್ಚು ವಾದ ಮಾಡುವುದಿಲ್ಲ.

ಬಜೆಟ್ ಶೀಟಿನಲ್ಲಿ ಈ ಹಣವನ್ನು ಮೂರನೇ ತಿಂಗಳ ಆದಾಯ ಎಂದು ಬರೆಯಿರಿ. ಬೇಗ ಬಂದರೆ ಲಾಭ.

4. ಮೂರನೇ ಒಂದು ಭಾಗ ಸಾಮಾನು ಇಲ್ಲೇ ಮಾರಿ

ಬೆಂಗಳೂರಿನಿಂದ ಪುಣೆ ಸುಮಾರು 840 ಕಿ.ಮೀ. ದೆಹಲಿಯಾದರೆ 2,000 ಕಿ.ಮೀ. ಮೀರುತ್ತದೆ. ಸಾಗಣೆ ರೇಟು ನಿಂತಿರುವುದು ದೂರದ ಮೇಲೆ, ಲಾರಿಯಲ್ಲಿ ಸಾಮಾನು ಹಿಡಿಯುವ ಜಾಗದ ಮೇಲೆ. ದೂರವನ್ನು ಕಡಿಮೆ ಮಾಡಲು ಆಗದು, ಜಾಗವನ್ನು ಮಾಡಬಹುದು.

ಪ್ರತಿ ದೊಡ್ಡ ವಸ್ತುವಿಗೂ ಒಂದೇ ಪರೀಕ್ಷೆ ಇಡಿ: ಇದನ್ನು ಇಲ್ಲಿ ಮಾರಿ ಅಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರೆ ಎಷ್ಟಾಗುತ್ತದೆ? ಪ್ಲೈವುಡ್ ಮಂಚ, ಕಂಪ್ಯೂಟರ್ ಟೇಬಲ್, ಹಳೆಯ ಸೋಫಾ ಈ ಪರೀಕ್ಷೆಯಲ್ಲಿ ಯಾವಾಗಲೂ ಸೋಲುತ್ತವೆ. ಒಮ್ಮೆ ಬಿಚ್ಚಿ ಜೋಡಿಸಿದ ಪ್ಲೈವುಡ್‌ನಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಇನ್ವರ್ಟರ್ ಬ್ಯಾಟರಿ ಮಾರಿ, ಆಸಿಡ್ ಚೆಲ್ಲಿದರೆ ಪಕ್ಕದ ಬಟ್ಟೆ ಗಂಟು ಹಾಳು. ವಾಷಿಂಗ್ ಮಷೀನ್ ಫ್ರಂಟ್ ಲೋಡ್ ಆದರೆ ಹಿಂಬದಿಯ ಟ್ರಾನ್ಸಿಟ್ ಬೋಲ್ಟ್ ಹಾಕಿಸದೆ ಕಳಿಸಬೇಡಿ. ಫ್ರಿಜ್ ಅನ್ನು ಹಿಂದಿನ ದಿನವೇ ಆಫ್ ಮಾಡಿ ಒಣಗಿಸಿ, ನಿಲ್ಲಿಸಿಯೇ ಸಾಗಿಸಿ.

ಇನ್ನು ಬಿಡಲೇಬಾರದ ವಸ್ತುಗಳಿವೆ. ವೆಟ್ ಗ್ರೈಂಡರ್ ಒಯ್ಯಿರಿ. ಉತ್ತರದ ಊರುಗಳಲ್ಲಿ ಅದು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಕೆಟ್ಟರೆ ರಿಪೇರಿಯವರೂ ಸಿಗುವುದಿಲ್ಲ. ಇಡ್ಲಿ ಪಾತ್ರೆ, ಕಾಫಿ ಫಿಲ್ಟರ್, ಒಂದು ತಿಂಗಳಿಗಾಗುವಷ್ಟು ಸಾರಿನ ಪುಡಿ ತೆಗೆದುಕೊಳ್ಳಿ. ದಿನವಿಡೀ ಹೊಸ ಆಫೀಸಿನಲ್ಲಿ ಹೆಣಗಾಡಿ ಬಂದವರಿಗೆ ರಾತ್ರಿ ಮನೆಯ ಊಟ ಸಿಕ್ಕರೆ ಹೋಟೆಲ್ ಖರ್ಚೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ. ಒಬ್ಬರೇ ಹೋಗುವ ಬ್ಯಾಚುಲರ್ ಆದರೆ ಲಾರಿಯೇ ಬೇಡ. ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಒಂದು ಟಿಕೆಟ್‌ಗೆ 40 ಕೆ.ಜಿ. ಲಗೇಜ್ ಉಚಿತ, ಉಳಿದದ್ದನ್ನು ರೈಲ್ವೆ ಪಾರ್ಸೆಲ್‌ನಲ್ಲಿ ಹಾಕಿ.

5. ಮೂವರ್ಸ್ ಆಯ್ಕೆಗೆ ಮೂರು ಕೊಟೇಶನ್, ಒಂದು ಸರ್ವೆ

ಫೋನಿನಲ್ಲೇ ರೇಟು ಹೇಳುವವರನ್ನು ಬಿಡಿ. ಮನೆಗೆ ಬಂದು ಅಥವಾ ವಿಡಿಯೊ ಕಾಲ್‌ನಲ್ಲಿ ಸಾಮಾನು ನೋಡಿ ಬರೆದುಕೊಡುವವರನ್ನು ಮಾತ್ರ ಪರಿಗಣಿಸಿ. ಮೂವರಲ್ಲಿ ಒಬ್ಬರ ರೇಟು ಉಳಿದಿಬ್ಬರ ಅರ್ಧದಷ್ಟಿದ್ದರೆ ಖುಷಿಪಡಬೇಡಿ. ಈ ವ್ಯವಹಾರದ ಮೋಸ ನಡೆಯುವುದೇ ಹೀಗೆ: ಕಡಿಮೆ ಹೇಳಿ ಸಾಮಾನು ಹತ್ತಿಸಿಕೊಳ್ಳುತ್ತಾರೆ, ಹೊಸ ಊರಿನ ಹೊರಗೆ ಲಾರಿ ನಿಲ್ಲಿಸಿ "ಇನ್ನಷ್ಟು ಹಾಕಿ, ಇಲ್ಲದಿದ್ದರೆ ಇಳಿಸಲ್ಲ" ಎನ್ನುತ್ತಾರೆ. ಆಗ ನಿಮ್ಮ ಪಾತ್ರೆ, ಹಾಸಿಗೆ, ಮಗುವಿನ ಪುಸ್ತಕ ಎಲ್ಲ ಅವರ ಕೈಯಲ್ಲಿರುತ್ತದೆ.

ತಡೆಯುವುದು ಸುಲಭ. ಜಿಎಸ್‌ಟಿ ನಂಬರ್ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಹೆಸರು, ವಿಳಾಸ ತಾಳೆ ನೋಡಿ. ಕರ್ನಾಟಕದ ನೋಂದಣಿ 29ರಿಂದ, ಮಹಾರಾಷ್ಟ್ರದ್ದು 27ರಿಂದ ಶುರುವಾಗುತ್ತದೆ. ಅವರ ಆಫೀಸಿಗೆ ಒಮ್ಮೆ ಹೋಗಿ ಬನ್ನಿ. ಕೊಟೇಶನ್‌ನಲ್ಲಿ ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್, ಟೋಲ್, ಮಹಡಿ ಹತ್ತಿಸುವ ಕೂಲಿ, ಜಿಎಸ್‌ಟಿ ಎಲ್ಲ ಸೇರಿದ ಒಟ್ಟು ಮೊತ್ತ ಬರೆಸಿ. ಅಡ್ವಾನ್ಸ್ ಶೇ. 10–20 ಮೀರದಿರಲಿ, ದೊಡ್ಡ ಕಂತು ಸಾಮಾನು ಇಳಿದ ಮೇಲೆ. ಲಾರಿ ನಿಮ್ಮ ಸಾಮಾನಿಗಷ್ಟೇ ಬರುತ್ತದೋ, ಬೇರೆಯವರ ಸಾಮಾನೂ ಸೇರುತ್ತದೋ ಕೇಳಿ. ಸೇರಿದರೆ ರೇಟು ಇಳಿಯುತ್ತದೆ, ದಿನ ಏರುತ್ತದೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ. ಅದರ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ.

6. ಲೋಡಿಂಗ್ ದಿನ ನೀವೇ ಪೆನ್ನು ಹಿಡಿಯಿರಿ

ಅಂದು ಬೆಳಿಗ್ಗೆ ನಾಲ್ಕು ಜನ ಬರುತ್ತಾರೆ. ಒಬ್ಬ ಬಬಲ್ ರ‍್ಯಾಪ್ ಸುತ್ತುತ್ತಾನೆ, ಇನ್ನೊಬ್ಬ ಟೇಪ್ ಎಳೆಯುತ್ತಾನೆ, ಸೂಪರ್‌ವೈಸರ್ ಕಾರ್ಬನ್ ಹಾಳೆಯ ಪುಸ್ತಕ ತೆರೆದು ಪಟ್ಟಿ ಬರೆಯುತ್ತಾನೆ. ಆ ಪಟ್ಟಿಯನ್ನು ಓದಿ. ಟಿವಿ, ಫ್ರಿಜ್, ಬೀರು ಎಲ್ಲದರ ಮುಂದೆ "ಹಳೆಯದು, ಗೀರು ಬಿದ್ದಿದೆ" ಎಂದು ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ನೀವು ಸಹಿ ಹಾಕಿದ ಮೇಲೆ ಟಿವಿ ಒಡೆದು ಬಂದರೂ ಅದು ಮೊದಲೇ ಹಾಳಾಗಿತ್ತು ಎಂದಾಗುತ್ತದೆ. ಗೀರಿಲ್ಲದ ವಸ್ತುವಿನ ಮುಂದೆ ಆ ಮಾತನ್ನು ಹೊಡೆದುಹಾಕಿಸಿ, ಟಿವಿ ಆನ್ ಮಾಡಿ ತೋರಿಸಿ ವಿಡಿಯೊ ಮಾಡಿ, ಆಮೇಲೆ ಸಹಿ ಹಾಕಿ.

ಪ್ರತಿ ಬಾಕ್ಸ್‌ಗೆ ನಂಬರ್ ಹಾಕಿ. ಮಾರ್ಕರ್‌ನಿಂದ ಎರಡು ಬದಿ ಬರೆಯಿರಿ. ಲಾರಿ ರಸೀದಿ, ಗಾಡಿ ನಂಬರ್, ಡ್ರೈವರ್ ಫೋನ್ ನಂಬರ್ ತೆಗೆದುಕೊಳ್ಳದೆ ಗಾಡಿ ಬಿಡಬೇಡಿ. ಇನ್ಶೂರೆನ್ಸ್ ಎಂದು ಹಣ ಕೊಟ್ಟಿದ್ದರೆ ಇನ್ಶೂರೆನ್ಸ್ ಕಂಪನಿಯ ಹೆಸರಿರುವ ಪಾಲಿಸಿ ಕೇಳಿ. ಮೂವರ್ಸ್ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಭರವಸೆ ಪಾಲಿಸಿಯಾಗುವುದಿಲ್ಲ. ಚಿನ್ನ, ಮೂಲ ಪ್ರಮಾಣಪತ್ರ, ಲ್ಯಾಪ್‌ಟಾಪ್, ಔಷಧ ನಿಮ್ಮ ಬ್ಯಾಗಿನಲ್ಲೇ ಇರಲಿ.

7. ಕಾರಿನ ಲೆಕ್ಕ ಬೇರೆ ಹಾಕಿ

ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿನ ನಂಬರ್ ಪಡೆಯಬೇಕು ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯ ನಿಯಮ. ಮೊದಲು ನಿಮ್ಮ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ. ಸಾಲ ಬಾಕಿ ಇದ್ದರೆ ಬ್ಯಾಂಕ್ ಎನ್‌ಒಸಿಯೂ ಬೇಕು. ಹೊಸ ರಾಜ್ಯದಲ್ಲಿ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಪಡೆಯಬಹುದು. ಆದರೆ ಅರ್ಜಿ ಹಾಕಿ ಓಡಾಡಬೇಕು, ತಕ್ಷಣ ಕೈಗೆ ಬರುವುದಿಲ್ಲ.

ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ದರೆ, ಅಥವಾ ನೀವು ಸರ್ಕಾರಿ ನೌಕರರಾಗಿದ್ದರೆ, 2021ರಲ್ಲಿ ಬಂದ ಬಿಎಚ್ ಸರಣಿ ನೋಡಿ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತೀರಿ, ಮುಂದೆ ಮತ್ತೊಂದು ರಾಜ್ಯಕ್ಕೆ ಹೋದಾಗ ನಂಬರ್ ಬದಲಿಸುವ ಗೋಜಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಊರು ಬದಲಿಸುವವರಿಗೆ ಇದೇ ಸರಿ. ಕಾರಿಗೆ ಎಂಟು ವರ್ಷ ದಾಟಿದ್ದರೆ ನನ್ನ ಸಲಹೆ ಒಂದೇ: ಕೆಎ ನಂಬರ್ ಇರುವಾಗಲೇ ಕರ್ನಾಟಕದಲ್ಲೇ ಮಾರಿ. ಹಳೆಯ ಡೀಸೆಲ್ ಕಾರನ್ನು ದೆಹಲಿ ಕಡೆಗೆ ಒಯ್ಯಲೇಬೇಡಿ. ಬೈಕ್ ಆದರೆ ರೈಲಿನಲ್ಲಿ ಹಾಕಿ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಹಿಡಿದು ಹಿಂದಿನ ದಿನವೇ ಪಾರ್ಸೆಲ್ ಆಫೀಸಿಗೆ ಹೋಗಿ.

8. ಫೋಟೊ ನೋಡಿ ಮನೆ ಹಿಡಿಯಬೇಡಿ

ಮೊದಲ ಹತ್ತು ದಿನ ತಾತ್ಕಾಲಿಕವಾಗಿ ಉಳಿಯಿರಿ. ಬೆಳಿಗ್ಗೆ 9ಕ್ಕೆ ಮನೆಯಿಂದ ಆಫೀಸಿಗೆ ನೀವೇ ಹೋಗಿ ನೋಡಿ. ಹಿಂಜವಡಿಯಲ್ಲಿ ಆಫೀಸ್ ಇದ್ದು ಖರಾಡಿಯಲ್ಲಿ ಮನೆ ಹಿಡಿದರೆ ಪುಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಾ ಎರಡು ಸಲ ಓಡಬೇಕು. ಬಾಡಿಗೆ 4,000 ಹೆಚ್ಚಾದರೂ ಆಫೀಸಿಗೆ ಹತ್ತಿರದ ಮನೆಯೇ ಅಗ್ಗ. ಉಳಿದ ಎರಡು ಗಂಟೆಯಲ್ಲಿ ಓದಿ, ಸರ್ಟಿಫಿಕೇಶನ್ ಮುಗಿಸಿ. ನೀರು ಕಾರ್ಪೊರೇಷನ್‌ನದೋ ಟ್ಯಾಂಕರ್‌ನದೋ ಕೇಳಿ, ಟ್ಯಾಂಕರ್ ಆದರೆ ಮೇಂಟೆನೆನ್ಸ್ ಯಾರ ತಲೆಗೆ ಎಂದೂ ಕೇಳಿ.

ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳದ್ದಾದರೂ ಬಿಡುವಂತಿಲ್ಲ. ಬೆಂಗಳೂರಿನ ಹಾಗೆ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿ ಮುಗಿಸಲು ಓನರ್ ಹೇಳಿದರೆ ಒಪ್ಪಬೇಡಿ. ನೋಂದಾಯಿತ ಅಗ್ರಿಮೆಂಟೇ ನಿಮ್ಮ ವಿಳಾಸದ ಪುರಾವೆ. ಗ್ಯಾಸ್, ಬ್ಯಾಂಕ್, ಆರ್‌ಟಿಒ, ಶಾಲೆ ಎಲ್ಲ ಕಡೆ ಇದನ್ನೇ ಕೇಳುತ್ತಾರೆ. ಪೊಲೀಸ್ ವೆರಿಫಿಕೇಶನ್ ಅನ್ನೂ ಅದೇ ವಾರ ಮುಗಿಸಿ.

9. ಮಕ್ಕಳ ಶಾಲೆಯಿಂದ ಹಿಂದಕ್ಕೆ ದಿನ ಎಣಿಸಿ

ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರು. ಸಿಬಿಎಸ್‌ಇ 9 ಮತ್ತು 11ನೇ ತರಗತಿಯಲ್ಲೇ ವಿದ್ಯಾರ್ಥಿಗಳನ್ನು ನೋಂದಾಯಿಸುತ್ತದೆ. ಹಾಗಾಗಿ 10 ಅಥವಾ 12ರ ನಡುವೆ ಶಾಲೆ ಬದಲಿಸುವುದು ಬಲು ಕಷ್ಟ. ಮಗು 9ರಲ್ಲಿ ಅಥವಾ 11ರಲ್ಲಿ ಇದ್ದರೆ ಮುಂದಿನ ಪರೀಕ್ಷೆ ಮುಗಿಯುವವರೆಗೆ ಕುಟುಂಬ ಇಲ್ಲೇ ಇರಲಿ, ನೀವು ಮುಂಚೆ ಹೋಗಿ ಪಿ.ಜಿ.ಯಲ್ಲಿ ಇರಿ. ಎರಡು ಮನೆ ಖರ್ಚು ಎಂದು ಹೆದರಬೇಡಿ, ಅದನ್ನೂ ಶೀಟಿನಲ್ಲಿ ಒಂದು ಸಾಲು ಮಾಡಿ.

ಭಾಷೆಯ ನಿಯಮ ತಿಳಿದುಕೊಳ್ಳಿ. ಮಹಾರಾಷ್ಟ್ರ 2020ರಲ್ಲಿ ಮರಾಠಿಯನ್ನು, ತೆಲಂಗಾಣ 2018ರಲ್ಲಿ ತೆಲುಗನ್ನು ಶಾಲೆಗಳಲ್ಲಿ ಕಡ್ಡಾಯ ವಿಷಯ ಮಾಡುವ ಕಾನೂನು ತಂದಿವೆ. ಹೊಸದಾಗಿ ಬರುವ ಮಕ್ಕಳಿಗೆ ಯಾವ ಹಂತದಿಂದ ಕಲಿಸುತ್ತೀರಿ ಎಂದು ಶಾಲೆಯನ್ನು ಅಡ್ಮಿಶನ್‌ಗೆ ಮೊದಲೇ ಕೇಳಿ. ಟಿಸಿ ಪಡೆಯುವಾಗ ಬಿಇಒ ಮೇಲುರುಜು ಹಾಕಿಸಿಕೊಂಡೇ ಹೊರಡಿ. ಅದೊಂದು ಸಹಿಗಾಗಿ ರಜೆ ಹಾಕಿ ವಾಪಸ್ ಬರಬೇಕಾದೀತು.

10. ಕಾಗದಪತ್ರ ಒಂದೇ ವಾರದಲ್ಲಿ ಮುಗಿಸಿ

ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟರ್ಮಿನೇಶನ್ ವೋಚರ್ ಪಡೆಯಿರಿ. ಡಿಪಾಸಿಟ್ ವಾಪಸ್ ಬರುತ್ತದೆ, ಅದೇ ವೋಚರ್ ತೋರಿಸಿದರೆ ಹೊಸ ಊರಲ್ಲಿ ಕನೆಕ್ಷನ್ ಸಿಗುತ್ತದೆ. ಸಿಲಿಂಡರನ್ನು ಸಾಮಾನಿನ ಜೊತೆ ತುಂಬಬೇಡಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಗೆ ಫಾರಂ 8. ಪಿಎಫ್ ಹಣ ತೆಗೆಯಬೇಡಿ, ಅದೇ ಯುಎಎನ್‌ಗೆ ವರ್ಗಾಯಿಸಿ. ಹಳೆಯ ಮೊಬೈಲ್ ನಂಬರ್ ಬಿಡಬೇಡಿ, ಎಲ್ಲ ಒಟಿಪಿಗಳೂ ಅದಕ್ಕೇ ಬರುತ್ತವೆ.

ಒಂದನ್ನು ಎಲ್ಲರೂ ಮರೆಯುತ್ತಾರೆ. ಹಳೆಯ ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ, ಹೊಸದು ಸೇರಿದ ದಿನ ಶುರುವಾಗುತ್ತದೆ. ನೀವು ಲಾರಿ, ಮೆಟ್ಟಿಲು, ಹೆದ್ದಾರಿ ಎಂದು ಓಡಾಡುವುದು ನಡುವಿನ ಆ ಖಾಲಿ ದಿನಗಳಲ್ಲೇ. ನಿಮ್ಮದೇ ಹೆಸರಿನಲ್ಲಿ ಒಂದು ಫ್ಯಾಮಿಲಿ ಪಾಲಿಸಿ ಇರಲಿ.

11. ಭಾಷೆಯ ಅಳುಕನ್ನು ಇಲ್ಲೇ ಬಿಟ್ಟು ಹೋಗಿ

"ಮರಾಠಿ ಬರಲ್ಲ, ಹಿಂದಿ ತಡವರಿಸುತ್ತೆ" ಎಂದು ಮೀಟಿಂಗ್‌ನಲ್ಲಿ ಸುಮ್ಮನೆ ಕೂರಬೇಡಿ. ಹೊರಡುವ ಮೊದಲು ದಿನಕ್ಕೆ ಅರ್ಧ ಗಂಟೆ ಕೊಡಿ. ತರಕಾರಿ ಅಂಗಡಿ, ಆಟೊ, ವಾಚ್‌ಮನ್, ಮನೆಗೆಲಸದವರು ಈ ನಾಲ್ವರ ಜೊತೆ ಆಡುವ ಮಾತು ಮೊದಲು ಕಲಿಯಿರಿ. ಸ್ಥಳೀಯರ ಮಾತಿನಲ್ಲಿ ಬೆಲೆ ಕೇಳಿದವರಿಗೆ ಸಿಗುವ ಬೆಲೆಯೇ ಬೇರೆ.

ನಮ್ಮವರನ್ನೂ ಹುಡುಕಿಕೊಳ್ಳಿ. ಪುಣೆಯಲ್ಲಿ ಕನ್ನಡ ಸಂಘವಿದೆ. ದೆಹಲಿಯ ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಮುಂಬೈಯ ಮಾಟುಂಗಾದಲ್ಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ. ಯಾವ ಏರಿಯಾದಲ್ಲಿ ನೀರಿಲ್ಲ, ಯಾವ ಶಾಲೆಯಲ್ಲಿ ಸೀಟಿದೆ ಎನ್ನುವುದು ಬ್ರೋಕರ್‌ಗಿಂತ ಅಲ್ಲಿನ ಹಿರಿಯರಿಗೆ ಚೆನ್ನಾಗಿ ಗೊತ್ತು.

12. ದಿನಾಂಕ ಹಾಕಿ, ಟಿಕೆಟ್ ಬುಕ್ ಮಾಡಿ

ಎಲ್ಲ ಸಿದ್ಧವಾದ ಮೇಲೆ ಹೊರಡೋಣ ಎಂದು ಕಾಯುವವರಿಗೆ ಎಂದೂ ಎಲ್ಲ ಸಿದ್ಧವಾಗುವುದಿಲ್ಲ. ಮೊದಲು ಹೊರಡುವ ದಿನ ನಿಗದಿ ಮಾಡಿ, ಉಳಿದ ಕೆಲಸಗಳನ್ನು ಅದರಿಂದ ಹಿಂದಕ್ಕೆ ಹೊಂದಿಸಿ. ತಿಂಗಳ ಕೊನೆಯ ವಾರಾಂತ್ಯ ಬೇಡ. ಎಲ್ಲರೂ ಮನೆ ಬದಲಿಸುವುದು ಅಂದೇ, ಮೂವರ್ಸ್ ರೇಟು ಏರಿರುತ್ತದೆ. ವಾರದ ಮಧ್ಯದ ದಿನ ಕೇಳಿ, ಚೌಕಾಸಿ ಮಾಡಿ. ನೀವು ಲಾರಿಗಿಂತ ಒಂದು ದಿನ ಮೊದಲೇ ಅಲ್ಲಿರಬೇಕು. ಕೀ ನಿಮ್ಮ ಕೈಯಲ್ಲಿರಬೇಕು, ಸೊಸೈಟಿಯ ಅನುಮತಿ ಪತ್ರ ಗೇಟಿಗೆ ತಲುಪಿರಬೇಕು, ಲಿಫ್ಟ್ ಬಳಸುವ ಸಮಯ ಗೊತ್ತಿರಬೇಕು.

2024ರ ನವೆಂಬರ್‌ನಿಂದ ರೈಲು ಟಿಕೆಟ್ ಬುಕಿಂಗ್ ಪ್ರಯಾಣಕ್ಕೆ 60 ದಿನ ಮುಂಚೆಯಷ್ಟೇ ತೆರೆಯುತ್ತದೆ, ಬೆಳಿಗ್ಗೆ 8ಕ್ಕೆ. ಕ್ಯಾಲೆಂಡರ್ ತೆಗೆಯಿರಿ, ದಿನ ಎಣಿಸಿ, ಅಲಾರಂ 7:45ಕ್ಕೆ ಇಡಿ.